ಹದಿನಾಲ್ಕನೇ ಕುಂಡದ ರೀಡಿಂಗು

ಪೆನ್ಷನ್ ಮೊಹಲ್ಲಾದ ತಾರಸಿಯ ಮೇಲೆ ಇಪ್ಪತ್ತಮೂರು ಕುಂಡ.
ಕುಂಡ ಅಂದರೆ ಎಲ್ಲವೂ ಕುಂಡವಲ್ಲ: ಪೇಂಟಿನ ಬಕೆಟ್ಟು,
ಎಣ್ಣೆ ಡಬ್ಬ, ತಳ ಒಡೆದ ಒಂದು ಹಂಡೆ.

ಮೂವತ್ತೊಂದು ವರ್ಷ ಕರೆಂಟಿನ ಮೀಟರು ಓದಿದವನು ನಾನು.
ಸಾಲಗಾಮೆ ರಸ್ತೆಯಿಂದ ತಣ್ಣೀರುಹಳ್ಳದವರೆಗೆ
ನಾಯಿಗಳಿಗೆಲ್ಲ ನನ್ನ ಸೈಕಲ್ಲಿನ ಸದ್ದು ಗೊತ್ತಿತ್ತು.
ಈಗ ಅದೇ ಉದ್ದನೆಯ ಪುಸ್ತಕದ ಉಳಿದ ಹಾಳೆಗಳಲ್ಲಿ
ಗುಲಾಬಿಗಳ ಲೆಕ್ಕ:
ಮೊದಲ ಮೊಗ್ಗಿನ ತಾರೀಖು. ಎಸಳು. ಗಿಡದಲ್ಲಿ ನಿಂತ ದಿನ.
ಆಷಾಢದ ಜಡಿಯಲ್ಲಿ ಕಪ್ಪು ಚುಕ್ಕೆಗೆ ಉದುರಿದ ಎಲೆ.
ಕೊನೆಗೆ, ಕೆಂಪು ಗೀಟು ಹಾಕಿ, ಸುವಾಸನೆ.
ನೂರಕ್ಕೆ ನಲವತ್ತು ಬಾರದ ಗಿಡ
ಯುಗಾದಿ ದಾಟುವಂತಿಲ್ಲ.

ಗ್ಲಾಡಿಯೇಟರ್ ಅರವತ್ತೆಂಟು: ಮೈಕಟ್ಟು ಚೆಂದ, ಮಾತಿಲ್ಲ.
ಎಡ್ವರ್ಡು ಎಪ್ಪತ್ತು: ಬೇಗ ಉದುರುತ್ತದೆ,
ಉದುರುವ ಮೊದಲು ಮನೆಮಂದಿಗೆಲ್ಲ ಹೇಳಿ ಹೋಗುತ್ತದೆ.
ಬಿ.ಎಂ. ರಸ್ತೆಯ ನರ್ಸರಿಯವನು ಹಳದಿ ಅಂತ ಕೊಟ್ಟದ್ದು
ಎರಡು ವರ್ಷ ಕಾಯಿಸಿ ಬೆಳ್ಳಗೆ ಅರಳಿತು;
ಕಸಿ ಸತ್ತು, ಬೇರುಗಿಡವೇ ಯಜಮಾನನಾಗಿ ಕೂತಿತ್ತು.
ಅದಕ್ಕೂ ಬರೆದೆ: ಇಪ್ಪತ್ತೆರಡು. ಧೈರ್ಯಕ್ಕೆ ಕಾಲಂ ಇಲ್ಲ.

ಆಮೇಲೆ ಆ ಜ್ವರ. ಎಲ್ಲರಿಗೂ ಬಂದದ್ದೇ.
ಎಲ್ಲರ ಮೂಗೂ ವಾಪಸು ಬಂತು, ನನ್ನದು ಬರಲಿಲ್ಲ.
ಹಾಲು ಉಕ್ಕಿ ಸೀದರೂ ಪಕ್ಕದಲ್ಲೇ ಕೂತಿರುತ್ತೇನೆ,
ಪುಟ್ಟಗೌರಿ ಬಂದು ಒಲೆ ಆರಿಸಿ ನನ್ನ ಮುಖ ನೋಡುತ್ತಾಳೆ,
ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೆಂಪು ಗೀಟಿನ ಕಾಲಂ ಖಾಲಿ ಬಿಡಲು ಮನಸ್ಸಾಗದೆ
ಕಂಡವರ ಮೂಗನ್ನು ಕಡ ತಂದೆ.
ಪಕ್ಕದ ತಾರಸಿಯ ಜುಲೇಖಾಬಿ: "ಹೋದ ವಾರಕ್ಕಿಂತ ಕಮ್ಮಿ."
ಪ್ರತಿ ವಾರವೂ ಅದೇ.
ಅವರ ಮೊಮ್ಮಗಳು: "ಹೊಸ ರಬ್ಬರಿನ ಥರ, ತಾತ."
ಪುಟ್ಟಗೌರಿ: "ಗುಲಾಬಿ ಗುಲಾಬಿ ಥರಾನೇ ಇದೆ ಕಣ್ರೀ, ಇನ್ನೆಂಗಿರಬೇಕು?"
ಇದನ್ನೆಲ್ಲ ಹತ್ತಕ್ಕೆ ಎಷ್ಟೆಂದು ಹಾಕಲಿ?

ಮಾತು ಕೇಳುವುದು ಬಿಟ್ಟೆ.
ಹೂವು ಮೂಗಿನ ಹತ್ತಿರ ಹೋದಾಗ ಕಣ್ಣು ಮುಚ್ಚುತ್ತದಲ್ಲ,
ಅದು ಮತ್ತೆ ತೆರೆಯುವವರೆಗೆ ಎಣಿಸುತ್ತೇನೆ.
ಗ್ಲಾಡಿಯೇಟರಿಗೆ ಒಂದು. ಎಡ್ವರ್ಡಿಗೆ ನಾಲ್ಕು, ಹಬ್ಬದ ದಿನ ಐದು.
ಕತ್ತಲ ಮೂಲೆಯಲ್ಲಿ ಬ್ಯಾಟರಿ ಬಿಟ್ಟು
ಮೀಟರಿನ ಚಕ್ರ ಸುತ್ತುವುದನ್ನು ನೋಡಿದವನಿಗೆ
ಇದೇನು ಕಷ್ಟವಲ್ಲ.

ಹದಿನಾಲ್ಕನೆಯದಕ್ಕೆ ಹೆಸರಿಲ್ಲ, ಚೀಟಿ ಮಳೆಗೆ ಕರಗಿದೆ.
ಹಳೇ ಇಟ್ಟಿಗೆಯ ಬಣ್ಣ, ಕುತ್ತಿಗೆ ಸೋತ ಹೂ,
ಜಡಿ ಹಿಡಿದರೆ ಮೂರೇ ದಿನದಲ್ಲಿ ಬರೀ ಕಡ್ಡಿ.
ಸುವಾಸನೆ ಬಿಟ್ಟು ಇಪ್ಪತ್ತೆಂಟು.
ಕಿತ್ತು ತುಂಬಲು ಚೀಲ ತಂದಿಟ್ಟಿದ್ದೆ.
ಅಷ್ಟರಲ್ಲಿ ಮೇಲಿನ ಬಾಡಿಗೆ ಕೋಣೆಗೆ ಗ್ಯಾಸು ಹೊತ್ತು ಲೋಕಿ ಬಂದ.
"ಇದೊಂಚೂರು ನೋಡಪ್ಪ" ಎಂದು ಕೊಂಬೆ ಬಗ್ಗಿಸಿದೆ.
ಒಂದು, ಎರಡು, ಮೂರು,
ಏಳಕ್ಕೆ, ಕಣ್ಣು ತೆರೆಯದೆ, ಹೆಗಲ ಸಿಲಿಂಡರನ್ನು
ಮಗು ಮಲಗಿಸಿದಂತೆ ಕೆಳಗಿಟ್ಟ,
ಹನ್ನೊಂದು.
"ಏನೋ?" ಅಂದೆ.
"ಏನಿಲ್ಲ ಸಾ," ಅಂದ.
ಬಿಲ್ಲಿನ ದುಡ್ಡು ಕೇಳುವುದನ್ನೂ ಮರೆತು ಇಳಿದು ಹೋದ.

ಹತ್ತರ ಕಾಲಮ್ಮಿನಲ್ಲಿ ಹನ್ನೊಂದು ಬರೆದೆ.
ಕೂಡಿದೆ. ಮೂವತ್ತೊಂಬತ್ತು.
ಮತ್ತೆ ಕೂಡಿದೆ.
ಆಮೇಲೆ ನಾನೇ ಬಗ್ಗಿದೆ. ತಣ್ಣಗಿತ್ತು, ಒದ್ದೆಯಿತ್ತು, ಅಷ್ಟೇ.

ಮನೆಗೆ ಬೀಗ ಬಿದ್ದಿದ್ದರೆ
ಹಿಂದಿನ ಮೂರು ತಿಂಗಳ ಸರಾಸರಿ ಹಾಕುವುದು ನಮ್ಮ ರೂಢಿ.
ಎಡ್ವರ್ಡಿಗೆ ಹಾಗೆ ಹಾಕಬಲ್ಲೆ, ಹಳೇ ಗಿರಾಕಿ.
ಇದು ಬಂದದ್ದು ಜ್ವರದ ಈಚೆಗೆ; ಹಿಂದಿನ ರೀಡಿಂಗೇ ಇಲ್ಲ.
ಷರಾ ಜಾಗದಲ್ಲಿ, ಬೀಗದ ಮನೆಗಳ ಎದುರು ಬರೆಯುತ್ತಿದ್ದ
ಅದೇ ಎರಡು ಮಾತು ಬರೆದೆ:
ಬಾಗಿಲು ಹಾಕಿದೆ.

ಚೀಲ ಮಡಚಿಟ್ಟೆ.
ಮುಂದಿನ ತಿಂಗಳು ಮತ್ತೆ ಬಂದು ನೋಡುವುದು.