ಬಾಕಿ ಚಿಲ್ಲರೆ

ಬಾಗಲಕೋಟೆ ನವನಗರ, ಝೆರಾಕ್ಸ್ ಅಂಗಡಿಯ ಮೇಲೆ
ಒಂದೇ ಫ್ಯಾನಿನ ವಿಮಾ ಕಚೇರಿ.
ನಾನು, ಮೀರಾಸಾಬ.
ಹತ್ತೊಂಬತ್ತು ವರ್ಷ ಬೆಳಗಾವಿ ಹಾದಿಯಲ್ಲಿ ಒಂದೇ ಗಾಡಿ,
ಅವನ ಕೈಯಲ್ಲಿ ಸ್ಟೇರಿಂಗು, ನನ್ನ ಬಾಯಲ್ಲಿ ಸೀಟಿ.
ಈಗ ಬೇರೆಯವರು ಹೊಡೆಯುವ ಬಸ್ಸಿನಲ್ಲಿ
ಕಿಟಕಿ ಪಕ್ಕ ಕೂಡಬೇಕೆಂದು ಹೊರಟವರು.
ತೊಂಬತ್ತೈದು ದಿನ: ಥಾಯ್ಲಂಡು, ಕಾಂಬೋಡಿಯ, ವಿಯೆಟ್ನಾಮು,
ರಾತ್ರಿ ಬಸ್ಸು, ಹಗಲು ಬಸ್ಸು, ದೋಣಿ ಸಿಕ್ಕರೆ ದೋಣಿ.

ಬಿಸನಾಳರ ಮಂಜರಿ ಕೀಲಿಮಣೆ ಕುಟ್ಟಿದಳು.
“ಎಪ್ಪತ್ತರ ಒಳಗ ಇದ್ರ ಹನ್ನೊಂದು ಸಾವಿರರಿ.
ದಾಟಿದ್ರ ಮೂವತ್ನಾಕು. ಅದೂ ಅರವತ್ತೇ ದಿನ.”
ಎಪ್ಪತ್ತು ಅನ್ನುವುದೂ ಒಂದು ಸ್ಟೇಜು ಅಂತ
ನನಗೆ ಗೊತ್ತಿರಲಿಲ್ಲ.
ಯರಗಟ್ಟಿ ದಾಟಿದರೆ ನಾಲ್ಕು ರೂಪಾಯಿ ಹೆಚ್ಚೆಂದು
ಎಷ್ಟು ಮುದುಕರ ಕೂಡ ಜಗಳಾಡಿದ್ದೇನೆ ನಾನು.

ನನಗೆ ಎಪ್ಪತ್ಮೂರು, ಒಪ್ಪಿದೆ.
ಮೀರಾಸಾಬನದು ಬೇರೆ ಲೆಕ್ಕ.
ಕಾಗದದಲ್ಲಿ ಎಪ್ಪತ್ತೊಂದು, ಜೂನ್ ಒಂದು.
ಅವನೂರಿನ ಮಾಸ್ತರರ ಪೆನ್ನಿಗೆ
ಹುಡುಗರೆಲ್ಲ ಜೂನ್ ಒಂದರಂದೇ ಹುಟ್ಟಿದವರು;
ಎತ್ತರ ಇದ್ದಾನೆಂದು ಇವನಿಗೆ ಮೂರು ವರ್ಷ ಮೇಲೆ.
ಮೂರು ವರ್ಷ ಮೊದಲೇ ರಿಟೈರ್ ಆದಾಗ
ಹಾರ ಹಾಕಿಸಿಕೊಂಡ, ಮಾತಾಡಲಿಲ್ಲ.
ಇವತ್ತು ಮೇಜಿನ ಮೇಲೆ ಕೈಯಿಟ್ಟ:
“ತಂಗಿ, ನಾ ಹುಟ್ಟಿದ್ದು ಸೀತನಿ ಸುಡೂ ಕಾಲದಾಗ,
ನಮ್ಮವ್ವ ಹೇಳ್ತಿದ್ಲು. ಜೂನದಾಗ ಎಲ್ಲೈತಿ ಸೀತನಿ?”
ಮಂಜರಿ ನಕ್ಕಳು.
ಕಂಪ್ಯೂಟರಿಗೆ ಸೀತನಿ ಗೊತ್ತಿರಲಿಲ್ಲ.

ಆಮೇಲೆ ಚೌಕಾಸಿ.
ಸಾಮಾನು ಕಳೆದರೆ ಪರಿಹಾರ? ತೆಗಿ.
ಎರಡು ಪೈಜಾಮ, ಒಂದು ಡಬ್ಬಿ ಗುರೆಳ್ಳು ಹಿಂಡಿ, ಕಳೆದರೆ ಕಳೆಯಲಿ.
ವಿಮಾನ ತಡವಾದರೆ ಪರಿಹಾರ? ಅದನ್ನೂ ತೆಗಿ.
ತಡಕ್ಕೆಲ್ಲ ದುಡ್ಡು ಕೊಡುವುದಾಗಿದ್ದರೆ
ನಮ್ಮ ಡಿಪೋ ಎಂದೋ ಮಾರಿಹೋಗುತ್ತಿತ್ತು.
ಆಸ್ಪತ್ರೆಯ ಮೊದಲ ಇಪ್ಪತ್ತು ಸಾವಿರ ನಾವೇ ಹಾಕುತ್ತೇವೆ, ಎಷ್ಟು ಇಳಿಯುತ್ತದೆ?
ಬಿಪಿ ಗುಳಿಗೆ ಬರೆದುಕೋ, ಮುಚ್ಚಬೇಡ;
ಮುಚ್ಚಿಟ್ಟುಕೊಂಡು ಹತ್ತಿದವನು
ಚೆಕಿಂಗಿನಲ್ಲಿ ಸಿಕ್ಕೇ ಸಿಗುತ್ತಾನೆ.
ತೊಂಬತ್ತೈದು ಅರವತ್ತಾಯಿತು.
ಮೀರಾಸಾಬ ನಕ್ಷೆಯಲ್ಲಿ ವಿಯೆಟ್ನಾಮಿನ ತುಂಡನ್ನು
ಹಿಂದಕ್ಕೆ ಮಡಚಿದ.
ಮೂವತ್ನಾಲ್ಕು ಇಪ್ಪತ್ತಾರಕ್ಕೆ ಬಂತು.

“ಇದನ್ನೂ ತೆಗೀಲೇನ್ರಿ ಕಾಕಾ? ಒಂಬೈನೂರು ಉಳೀತಾವ.”
ಪರದೆ ನಮ್ಮ ಕಡೆ ತಿರುಗಿಸಿದಳು.
ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ಮರಳಿಸುವ ವೆಚ್ಚ.

ಇಬ್ಬರೂ ಸುಮ್ಮನಾದೆವು.

ಒಂದು ಸಂಜೆ, ಬೆಳಗಾವಿ ಆಸ್ಪತ್ರೆಯಿಂದ ಬಂದ ಗಂಡ ಹೆಂಡತಿ,
ಲೋಕಾಪುರಕ್ಕೆ ಎರಡು.
ನೇಸರಗಿ ದಾಟುವಾಗ ಅವನ ತಲೆ ಅವಳ ಹೆಗಲಿಗೆ ಬಿತ್ತು,
ಆಮೇಲೆ ಏಳಲಿಲ್ಲ.
ಅವಳು ಸೆರಗಿನ ತುದಿ ಅವನ ಮುಖಕ್ಕೆ ಹೊದಿಸಿ
ನನ್ನನ್ನೇ ನೋಡಿದಳು.
ಬಾಡಿಗೆ ಗಾಡಿಗೆ ಅವಳ ಹತ್ತಿರ ಎಲ್ಲಿತ್ತು ರೊಕ್ಕ.
ನಿಯಮದ ಪ್ರಕಾರ ಸೀಟಿ ಊದಬೇಕಿತ್ತು.
ಊದಲಿಲ್ಲ.
ಮೀರಾಸಾಬ ಕನ್ನಡಿಯಲ್ಲಿ ಒಮ್ಮೆ ನೋಡಿದ, ಹಾಡು ಬಂದು ಮಾಡಿದ,
ಯರಗಟ್ಟಿಯಾಚೆ ಒಂದು ತಗ್ಗಿಗೂ ಗಾಲಿ ಇಳಿಸದೆ ನಡೆಸಿದ.
ಹಿಂದಿನ ಸೀಟಿನ ಹುಡುಗ ಅಂದ: “ಅಜ್ಜಗ ಭಾಳ ನಿದ್ದಿ.”
ಲೋಕಾಪುರದಲ್ಲಿ ನಾಲ್ಕು ಮಂದಿ ಎತ್ತಿ ಇಳಿಸಿಕೊಂಡರು.
ಇಳಿಯುವ ಮುಂಚೆ ಅವಳು ಮುಷ್ಟಿ ಬಿಚ್ಚಿ
ಎರಡೂ ಟಿಕೇಟು ತೋರಿಸಿದಳು,
ನಾನು ಕೇಳಿದ್ದೆನೋ ಎಂಬಂತೆ.

“ಅದು ಇರಲಿ ತಂಗಿ,” ಅಂದ ಮೀರಾಸಾಬ,
“ಅಲ್ಲಿ ಕಂಡಕ್ಟರು ಇವನಿರೂದಿಲ್ಲ.”

ಸಹಿ ಹಾಕಿ ರೊಕ್ಕ ಎಣಿಸಿದೆವು.
ಹತ್ತು ರೂಪಾಯಿ ಚಿಲ್ಲರೆ ಇಲ್ಲ ಅಂದಳು ಮಂಜರಿ.
ಮೂವತ್ತು ವರ್ಷ ನಾನು ಹೇಳಿದ ಮಾತು!
ಪೆನ್ನು ಇಸಕೊಂಡು
ಮೀರಾಸಾಬನ ಪಾಲಿಸಿಯ ಬೆನ್ನಿಗೆ
ಹಳೇ ಟಿಕೇಟಿಗೆ ಗೀಚುತ್ತಿದ್ದಂತೆ ಗೀಚಿದೆ:
ಬಾಕಿ ಹತ್ತು ರೂಪಾಯಿ, ಮೂರು ವರ್ಷ.
ಇಳಿಯುವಾಗ ಕೇಳಿ ಇಸಕೊಳ್ಳುವುದು.