ಒಂದು, ಒಂದು, ಒಂದು

ಕುತೈಸಿಯ ಗ್ರಂಥಾಲಯದಲ್ಲಿ ಗುರುವಾರ ಸಂಜೆ
ಆರು ಕಂಪ್ಯೂಟರು, ಒಂದಕ್ಕೆ ಮೌಸಿಲ್ಲ.
ಮೌಸಿಲ್ಲದ್ದರ ಮುಂದೆ ನಾನುಲಿ,
ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನ ಸೂಲಗಿತ್ತಿ,
ಈಗ ಪಿಂಚಣಿ, ಈಗ ಮಂಡಿನೋವು,
ಈಗ ಹದಿನಾಲ್ಕು ಸಾಲಿನ ಒಂದು ಪ್ರೋಗ್ರಾಮು.

ಕಲಿಸುವ ಹುಡುಗ ಬೆಸಿಕ್
ಅವಳ ಕೈಯಲ್ಲೇ ಹುಟ್ಟಿದವನಿರಬಹುದು,
ಇಬ್ಬರೂ ಲೆಕ್ಕ ಹಾಕಲು ಹೋಗಿಲ್ಲ.
"ನೂರ ತೊಂಬತ್ತೆರಡು ದೇಶ, ಸಾಲಿಗೊಂದು.
ಕಾಲಮ್ಮು ನಿಮಗಿಷ್ಟ ಬಂದದ್ದು."
ಉಳಿದವರು ಕಾಫಿ, ಕಾರು, ತಲಾ ಆದಾಯ ಆರಿಸಿದರು.
ಅವಳು ಆರಿಸಿದ್ದು: ಹುಟ್ಟಿದ ಸಾವಿರದಲ್ಲಿ
ವರ್ಷ ತುಂಬದೆ ಹೋದವು ಎಷ್ಟು.

ತೋರುಬೆರಳೊಂದರಲ್ಲೇ ಕುಟ್ಟಿದಳು,
ಜೋಳ ಬಿಡಿಸುವ ಹಾಗೆ ಒಂದೊಂದೇ ಅಕ್ಷರ.
ಆವರಣ ಮುಚ್ಚದ್ದಕ್ಕೆ ಯಂತ್ರ ಬೈಯಿತು, ಕೆಂಪಗೆ.
ಮುಚ್ಚಿದಳು. ಅಲ್ಪವಿರಾಮಕ್ಕೆ ಬೈಯಿತು.
"ಥೇಟ್ ನಮ್ಮ ಹೆಡ್ ನರ್ಸ್ ದೋಡೋ," ಅಂದಳು,
"ತಪ್ಪು ಎಲ್ಲಿ ಅಂತ ಹೇಳ್ತಿದ್ದಳು, ಏನು ಅಂತ ಹೇಳ್ತಿರಲಿಲ್ಲ."

ಆಮೇಲೆ ಓಡಿತು.
ಯಾವ ಬೆಲೆ, ಎಷ್ಟು ಸಲ:
೪.೧ ಒಂದು ಸಲ
೩೮.೭ ಒಂದು ಸಲ
೧೧.೨ ಒಂದು ಸಲ
ಪರದೆ ತುಂಬಿ ಕೆಳಗೆ ಹರಿಯಿತು, ಒಂದು, ಒಂದು, ಒಂದು.

ಬೆಸಿಕ್ ನಕ್ಕ. "ಎಲ್ಲವೂ ಒಂದೊಂದೇ ಸಲ ಬಂದರೆ
ಆವರ್ತನ ಎಲ್ಲಿಂದ ಬರಬೇಕು, ಚಿಕ್ಕಮ್ಮ?
ಗುಂಪು ಮಾಡಿ. ಹತ್ತರೊಳಗೆ, ಇಪ್ಪತ್ತೈದರೊಳಗೆ,
ಐವತ್ತರೊಳಗೆ, ಅದರಾಚೆ."
ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.
ಅವಳಿಗೇನೋ ಸರಿಯಾಗಿಯೇ ಕಂಡಿತ್ತು ಅದು.
ಕೊರಳಿಗೆ ಬಳ್ಳಿ ಸುತ್ತಿಕೊಂಡು ಬಂದದ್ದು ಒಂದು ಸಲ,
ಕಾಲು ಮುಂದಾಗಿ ಬಂದು ಡಾಕ್ಟರನ್ನೇ ಒದ್ದದ್ದು ಒಂದು ಸಲ,
ಲಿಫ್ಟಿನಲ್ಲಿ, ಎರಡು ಮಹಡಿಗಳ ನಡುವೆ, ಒಂದು ಸಲ.

ಆದರೂ ಗುಂಪು ಮಾಡಿದಳು; ಪಾಠ ಪಾಠವೇ.
೯.೯ ಈ ಚೀಲಕ್ಕೆ, ೧೦.೧ ಆ ಚೀಲಕ್ಕೆ.
"ಗಡಿ ಅಂದರೆ ಇಷ್ಟೇನಾ?"
"ಎಲ್ಲಾದರೂ ಒಂದು ಕಡೆ ಎಳೆಯಲೇಬೇಕಲ್ಲ," ಎಂದ ಬೆಸಿಕ್.
ಆ ದೇಶದಲ್ಲಿ ಈ ಮಾತನ್ನು ಯಾರೂ
ಸುಮ್ಮನೆ ಆಡುವುದಿಲ್ಲ. ಇಬ್ಬರೂ ಸುಮ್ಮನಾದರು.

ನಾಲ್ಕು ಸಾಲು ಬಂತು.
ಎಪ್ಪತ್ತೊಂದು, ಐವತ್ತೆಂಟು, ನಲವತ್ತು, ಹದಿನಾಲ್ಕು.
ಬೆರಳು ಮಡಿಸಿ ಕೂಡಿದಳು, ವಾರ್ಡಿನ ಅಭ್ಯಾಸ:
ಪಾಳಿ ಬದಲಾಗುವಾಗ ತೊಟ್ಟಿಲು ಎಣಿಸಿ ಸಹಿ ಹಾಕಬೇಕು.
"ಒಂಬತ್ತು ಎಲ್ಲಿ?"
"ಖಾಲಿ ಕೋಶಗಳು. ಅಂಕಿ ಸಿಗದ ದೇಶಗಳು.
ಪ್ರೋಗ್ರಾಮು ತಾನಾಗಿ ಬಿಟ್ಟುಬಿಡುತ್ತದೆ."

ಅಂಕಿ ಸಿಗದಿರುವುದು ಅಂದರೇನು, ಅವಳಿಗೆ ಗೊತ್ತು.
ತೊಂಬತ್ತಮೂರರ ಚಳಿಗಾಲ. ಕರೆಂಟಿಲ್ಲ.
ಸೀಮೆಎಣ್ಣೆ ಬುಡ್ಡಿಯಲ್ಲಿ ಕತ್ತರಿ ಕಾಯಿಸಿದ್ದು.
ಒಲೆಗೆ ಮೊದಲು ಕುರ್ಚಿ ಹೋಯಿತು, ಆಮೇಲೆ ಕಿಟಕಿಯ ಚೌಕಟ್ಟು,
ಆಮೇಲೆ ಹಳೇ ನೋಂದಣಿ ಪುಸ್ತಕಗಳು.
ಹೊಸದರಲ್ಲಿ ಬರೆಯೋಣವೆಂದರೆ ಶಾಯಿ ಹೆಪ್ಪುಗಟ್ಟಿತ್ತು.
ಹನ್ನೆರಡು ದಿನ ಯಾರೂ ಏನೂ ಬರೆಯಲಿಲ್ಲ.
ಹುಟ್ಟಿದರು. ಹೋದರು. ಸೊನ್ನೆ ಅಲ್ಲ ಅದು.
ಸೊನ್ನೆ ಬರೆಯುವುದಕ್ಕೂ
ಒಬ್ಬರು ಎಚ್ಚರವಿರಬೇಕು.

"ಬಿಡಬೇಡ ಅಂತ ಇದಕ್ಕೆ ಹೇಳೋದು ಹೇಗೆ?"
ಬೆಸಿಕ್ ಬಾಗಿ, ಆವರಣದೊಳಗೆ
ಒಂದು ಮಾತು ಸೇರಿಸಿ ತೋರಿಸಿದ. ಅಳಿಸಿದ.
ಅವಳೇ ಕುಟ್ಟಿದಳು,
ಕಾಳು ಕಾಳಾಗಿ.

ಐದನೇ ಸಾಲು ಬಂತು, ಎಲ್ಲಕ್ಕೂ ಕೆಳಗೆ.
ಹೆಸರಿನ ಜಾಗ ಬೋಳು. ಎದುರಿಗೆ ೯.
ಮತ್ತೆ ಕೂಡಿದಳು. ನೂರ ತೊಂಬತ್ತೆರಡು.
ಸಹಿ ಎಲ್ಲಿ, ಕೇಳಿದಳು.
ಬೇಕಾಗಿಲ್ಲ, ಎಂದ.

ಗ್ರಂಥಾಲಯದ ಚೀಟಿಯೊಂದರ ಹಿಂಬದಿಗೆ
ತಾರೀಖು, ಹೊತ್ತು, ಒಟ್ಟು ಬರೆದು
ಸಹಿ ಮಾಡಿ
ಮೌಸ್ ಇರಬೇಕಾದ ಜಾಗದಲ್ಲಿಟ್ಟು
ಕೊನೆಯ ವ್ಯಾನು ಹಿಡಿಯಲು ಹೊರಟಳು,
ಮಂಡಿಗೆ ಬೈಯುತ್ತ.