ನಡುವೆ ಯಾರೂ ಇಲ್ಲದ ವ್ಯಾಪಾರ

ಬಾಗಿಲು ತೆರೆದವನು ಮೊದಲು ತುಟಿಗೆ ಬೆರಳಿಟ್ಟ.
ಒಳಗೆ ಹೆಂಡತಿ ಮಲಗಿದ್ದಾಳೆ, ನರ್ಸು, ರಾತ್ರಿ ಪಾಳಿ.
ಅಜ್ಮಾನಿನಲ್ಲಿ ಹದಿನೇಳನೇ ಮಹಡಿ, ಮಧ್ಯಾಹ್ನ ಎರಡೂವರೆ.
ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳರ ಹಾಗೆ ಒಳಗೆ ಹೋದೆವು,
ಮನೆ ಮಾರುವ ಬಾಬಿಕಿರ್ ಮೇಷ್ಟ್ರು, ಕೊಳ್ಳುವ ನಾನು.
ಬಾಡಿಗೆ ಕಟ್ಟುವ ಲಸಂತ ಗೋಡೆಗೆ ಒತ್ತಿ ದಾರಿ ಬಿಟ್ಟ.

ಏಜೆಂಟ್ ಬೇಡ ಎಂದವಳು ನಾನೇ.
ಎರಡು ಪರ್ಸೆಂಟು ಉಳಿಯುತ್ತದಲ್ಲ.
ಇಪ್ಪತ್ತೆರಡು ವರ್ಷ ಶಾರ್ಜಾದ ಗೋದಾಮಿನಲ್ಲಿ
ಬೇರೆಯವರ ಲೆಕ್ಕ ಬರೆದವಳಿಗೆ ಅದೇನು ಕಮ್ಮಿಯೇ?
ಲಾಬಿಯ ಗಾಜಿಗೆ ಅಂಟಿಸಿದ್ದ ಚೀಟಿ ನೋಡಿ ಫೋನ್ ಹಚ್ಚಿದ್ದೆ.
"ನಿಜವಾಗಿಯೂ ನೀವೇ ಓನರಾ?" ಅಂದೆ.
"ಸದ್ಯಕ್ಕೆ" ಅಂದರು.

ಮೇಷ್ಟ್ರು ಪಿಸುಗುಡುತ್ತಲೇ ತೋರಿಸಿದರು,
ಏಜೆಂಟ್ ಆಗಿದ್ದರೆ ಬೆನ್ನು ಕೊಟ್ಟು ಮುಚ್ಚುತ್ತಿದ್ದ ಎಲ್ಲವನ್ನೂ:
ಬಚ್ಚಲಿನಲ್ಲಿ ಟೊಳ್ಳಾದ ಮೂರು ಟೈಲು
(ಬಡಿದು ತೋರಿಸಲಿಲ್ಲ, ಸುಮ್ಮನೆ ಮುಟ್ಟಿದರು),
ಜುಲೈನಲ್ಲಿ ತಣ್ಣೀರಿನ ನಲ್ಲಿಯೂ ಕೈ ಸುಡುತ್ತದೆ,
ಎದುರಿಗೆ ಇನ್ನೊಂದು ಟವರ್ ಎದ್ದಿದೆ,
ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಗೇಣು ಸಮುದ್ರ.
"ನಾನು ಕೊಂಡಾಗ ಪೂರ್ತಿ ಇತ್ತು" ಎಂದರು
ತಾವೇ ಕದ್ದವರ ಹಾಗೆ.

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ನನ್ನಪ್ಪ ದಲ್ಲಾಳಿ.
ಟವೆಲಿನಡಿ ಬೆರಳು ಹಿಡಿದು ರೇಟು ಕುದುರಿಸುತ್ತಿದ್ದ.
ಈ ಕಡೆಯವನೂ ಬೈಯುತ್ತಿದ್ದ, ಆ ಕಡೆಯವನೂ ಬೈಯುತ್ತಿದ್ದ.
ಎಲೆಗೆ ಸುಣ್ಣ ಸವರುತ್ತ ಅಪ್ಪ ಹೇಳುತ್ತಿದ್ದ:
"ರೇಟು ಅವರೇ ಕುದುರಿಸ್ಕೋತಾರೆ ಕಣೇ.
ಬೈಯೋಕೆ ಮಧ್ಯೆ ಒಬ್ಬ ಬೇಕು. ಅದಕ್ಕೇ ಈ ಎರಡು ಪರ್ಸೆಂಟು."
ನನ್ನ ಸ್ಕೂಲ್ ಫೀಜು, ಇಲ್ಲಿಗೆ ಬಂದ ಮೊದಲ ವಿಮಾನದ ಟಿಕೀಟು,
ಎಲ್ಲ ಆ ಬೈಗುಳದ ದುಡ್ಡು.

ಮೂರು ಲಕ್ಷ ಇಪ್ಪತ್ತೈದು ಸಾವಿರ ಅಂತ ಮೇಷ್ಟ್ರು
ಫೋನಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನನ್ನ ಕಡೆ ತಿರುಗಿಸಿದರು.
ಅಳಿಸಿ ಮೂರು ಲಕ್ಷ ಒತ್ತಿದೆ.
ಅವರು ಅಳಿಸಿದರು. ನಾನು ಅಳಿಸಿದೆ.
ಒಳಗೆ ಅವಳು ಮಗ್ಗುಲಾದ ಸದ್ದು.
ಮೂವರೂ ಉಸಿರು ಹಿಡಿದು ನಿಂತೆವು.

ಆಮೇಲೆ, ಯಾರೂ ಕೇಳದಿದ್ದರೂ ಹೇಳಿದರು:
ಖಾರ್ಟೂಮ್ ಬಿಟ್ಟು ಓಡಿದ ತಂಗಿ, ಅವಳ ನಾಲ್ಕು ಮಕ್ಕಳು,
ಪೋರ್ಟ್ ಸುಡಾನಿನ ಒಂದು ಶಾಲೆಯ ಕೋಣೆ,
ಕರಿಹಲಗೆಯ ಕೆಳಗೆ ಅವರ ಹಾಸಿಗೆ.
ಏಜೆಂಟ್ ಇದ್ದಿದ್ದರೆ ಇದಕ್ಕೆ "ಅರ್ಜೆಂಟ್ ಸೇಲ್" ಅನ್ನುತ್ತಿದ್ದ.
ಕೇಳಿ ನನಗೆ ಖುಷಿಯೂ ಆಗುತ್ತಿತ್ತು.

ಮೂರು ಲಕ್ಷ ಹತ್ತು ಸಾವಿರಕ್ಕೆ ನಿಂತಿತು.
ಗಟ್ಟಿಯಾಗಿ ಮಾತಾಡುವ ಹಾಗಿದ್ದಿದ್ದರೆ
ಇನ್ನೈದು ಸಾವಿರ ಎಳೆಯುತ್ತಿದ್ದರು ಮೇಷ್ಟ್ರು.
ಅದು ನನಗೆ ಗೊತ್ತಾಯಿತು.
ನನಗೆ ಗೊತ್ತಾದದ್ದು ಅವರಿಗೂ ಗೊತ್ತಾಯಿತು.
ಕೈ ಕುಲುಕಿದಾಗ ಮೇಲೆ ಟವೆಲು ಇರಲಿಲ್ಲ.

ಲಸಂತ ಚಹಾ ತಂದ. ಚಮಚ ಸದ್ದಾಗದಿರಲೆಂದು
ಸಕ್ಕರೆ ಅಡುಗೆಮನೆಯಲ್ಲೇ ಕಲಸಿದ್ದ.
ಕಪ್ಪು ಕೊಡುತ್ತ ಕಿವಿಯ ಹತ್ತಿರ ಬಗ್ಗಿ,
ಹರಕುಮುರುಕು ಹಿಂದಿಯಲ್ಲಿ ಕೇಳಿದ:
ಮೇಡಂ, ಬಾಡಿಗೆ ಜಾಸ್ತಿ ಮಾಡ್ತೀರಾ?
ಏಳು ಪರ್ಸೆಂಟು ರಿಟರ್ನ್ ಬರಲೇಬೇಕು ಅಂತ
ಎಕ್ಸೆಲ್ ಶೀಟಿನಲ್ಲಿ ಹಸಿರು ಬಣ್ಣ ಹಚ್ಚಿಟ್ಟು ಬಂದವಳು ನಾನು.
ಅದನ್ನು ನನ್ನ ಪರವಾಗಿ ಹೇಳಲು
ಆ ಮನೆಯಲ್ಲಿ ಯಾರೂ ಇರಲಿಲ್ಲ.
ಚಹಾ ಚೆನ್ನಾಗಿದೆ ಅಂದೆ.

ಲಿಫ್ಟಿನಲ್ಲಿ ಮೇಷ್ಟ್ರೂ ನಾನೂ. ಹದಿನಾರು, ಹದಿನೈದು.
ಆರು ಸಾವಿರದ ಇನ್ನೂರು ದಿರ್ಹಮ್ ಉಳಿಯಿತು.
ನಾಳೆ ರಿಜಿಸ್ಟ್ರಿಗೆ ಎಷ್ಟು ಗಂಟೆಗೆ ಬರಲಿ
ಅಂತ ಅವರು ಪಿಸುಗುಟ್ಟಿದರು.
ಎಂಟೂವರೆಗೆ, ಅಂತ ನಾನೂ ಪಿಸುಗುಟ್ಟಿದೆ.
ಅಲ್ಲಿ ಯಾರೂ ಮಲಗಿರಲಿಲ್ಲ.